ಕ್ವಾರ್ಟರ್ ಲೆಕ್ಕ ಆ್ಯಪ್‌ಗೆ ಗೊತ್ತಿಲ್ಲ

ಕುಡಿತ ಕಡಿಮೆ ಮಾಡಲು ಯಾವ ಆ್ಯಪ್ ಒಳ್ಳೆಯದು? ಈಚೆಗೆ ಹಾಸನದ ನನ್ನ ಕ್ಲಿನಿಕ್ಕಿಗೆ ಬಂದವರೂ ಇದನ್ನೇ ಕೇಳುತ್ತಾರೆ, ಪತ್ರ ಬರೆದವರೂ ಇದನ್ನೇ ಕೇಳುತ್ತಾರೆ. ಕೈ ನಡುಗುತ್ತದೆಯೇ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ.

ಪ್ರಶ್ನೆ: ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿದ್ದೇನೆ. ರಾತ್ರಿ ಒಂದು ಕ್ವಾರ್ಟರ್, ಬಟವಾಡೆ ದಿನ ಎರಡು. ಆ್ಯಪ್‌ನಲ್ಲಿ ದಿನಕ್ಕೆ ಮೂರು ಪೆಗ್ ಅಂತ ಹಾಕುತ್ತಿದ್ದೇನೆ. ನಾಳೆಯಿಂದ ಪೂರ್ತಿ ಬಿಡೋಣ ಅಂತಿದ್ದೇನೆ. ಆ್ಯಪ್ ಸಾಕಲ್ವಾ ಡಾಕ್ಟ್ರೇ?

ಉತ್ತರ: ನಾಳೆಯಿಂದ ಬೇಡ. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ, ಬೆವರು ಬರುತ್ತಾ, ಒಂದು ಗುಟುಕು ಹಾಕಿದರೆ ಸರಿಹೋಗುತ್ತಾ? ಹೌದು ಅಂದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ನಿಲ್ಲಿಸಿದ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಇದರಿಂದ ಜೀವವೇ ಹೋಗಬಹುದು. ಇದಕ್ಕೆ ಔಷಧಿ ಇದೆ, ಜೊತೆಗೆ ಬಿ1 ವಿಟಮಿನ್ ಕೊಡುತ್ತೇವೆ. ಹಾಸನದ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಮನೋರೋಗ ವಿಭಾಗಕ್ಕೆ ಬನ್ನಿ. ಬರಲು ಆಗದಿದ್ದರೆ ಮೊದಲು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ಈಗ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಒಂದು ಯೂನಿಟ್ ಅಂದರೆ 10 ಗ್ರಾಂ ಆಲ್ಕೋಹಾಲ್, ಅಂದರೆ 30 ಮಿ.ಲೀ. ವಿಸ್ಕಿ. ನಿಮ್ಮದು 60 ಮಿ.ಲೀ. ಪೆಗ್. ಮೂರು ಹಾಕಿದರೆ ಆ್ಯಪ್ ಮೂರೇ ಅಂದುಕೊಳ್ಳುತ್ತದೆ. ಆದರೆ 180 ಮಿ.ಲೀ. ಕ್ವಾರ್ಟರ್‌ನಲ್ಲಿ ಆರು ಇವೆ. ಅಮೆರಿಕದ ಆ್ಯಪ್‌ಗೆ ಒಂದು ಡ್ರಿಂಕ್ 14 ಗ್ರಾಂ, ಇಂಗ್ಲೆಂಡಿನದಕ್ಕೆ 8 ಗ್ರಾಂ. ವಾರಕ್ಕೆ ತಮ್ಮ 14 ಯೂನಿಟ್ ಮೀರಬೇಡಿ ಅನ್ನುತ್ತಾರೆ ಇಂಗ್ಲೆಂಡಿನವರು. ನೀವು ಎರಡು ರಾತ್ರಿಯಲ್ಲೇ ಅದನ್ನು ದಾಟುತ್ತೀರಿ. ಹಾಗಾಗಿ ಪೆಗ್ ಅಂತ ಹಾಕಬೇಡಿ. ಮಿ.ಲೀ. ಮತ್ತು ಬಾಟಲಿ ಮೇಲಿನ ಶೇಕಡಾ ಹಾಕಲು ಬಿಡುವ ಆ್ಯಪ್ ಹುಡುಕಿ, ಅದು ನೆಟ್‌ವರ್ಕ್ ಇಲ್ಲದ ತೋಟದಲ್ಲೂ ನಡೆಯಬೇಕು. ಸುರಿಯುವ ಮೊದಲೇ ಬರೆಯಿರಿ, ಕುಡಿದ ಮೇಲೆ ಲೆಕ್ಕ ನೆನಪಿರಲ್ಲ.

ರಕ್ತದಲ್ಲಿ ಆಲ್ಕೋಹಾಲ್ ಎಷ್ಟಿದೆ ಅಂತ ತೋರಿಸುವ ಆ್ಯಪ್ ಮಾತ್ರ ಬೇಡ. ಸ್ವೀಡನ್‌ನ ಕಾಲೇಜು ಹುಡುಗರಿಗೆ ಅಂಥದ್ದೊಂದನ್ನು ಕೊಟ್ಟು ನೋಡಿದ್ದರು. ಅವರು ಕುಡಿಯುವ ದಿನಗಳು ಹೆಚ್ಚಾದವು ಎಂದು 2014ರಲ್ಲಿ ವರದಿಯಾಯಿತು. ಅದೇ ವರ್ಷ ಅಮೆರಿಕದಲ್ಲಿ, ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದು ಹೊರಬಂದ 349 ಜನರ ಅಧ್ಯಯನ ಬಂತು. ಆ್ಯಪ್ ಇದ್ದವರಲ್ಲಿ ಮಿತಿಮೀರಿ ಕುಡಿದ ದಿನಗಳು ಉಳಿದವರ ಅರ್ಧದಷ್ಟಿದ್ದವು. ಅಲ್ಲಿ ಚಿಕಿತ್ಸೆ ಮೊದಲು, ಆ್ಯಪ್ ಆಮೇಲೆ. ನಿಮಗೂ ಅದೇ ಕ್ರಮ. ಕೈ ನಡುಗದವರು, ವಾರಕ್ಕೆ ಒಂದೆರಡು ದಿನ ಜಾಸ್ತಿ ಕುಡಿಯುವವರು ಆ್ಯಪ್‌ನಿಂದಲೇ ಶುರು ಮಾಡಬಹುದು.

ಬೀರ್ ಲೆಕ್ಕಕ್ಕೆ ಬರುತ್ತದೆಯೇ? (ಮೂಡಿಗೆರೆ)
650 ಮಿ.ಲೀ. ಸ್ಟ್ರಾಂಗ್ ಬೀರಿನಲ್ಲಿ ನಾಲ್ಕು ಯೂನಿಟ್ ಇದೆ, ಬರುತ್ತದೆ.

ಮಳೆಗಾಲದಲ್ಲಿ ಮೈ ಬೆಚ್ಚಗಿಡಲು ಸ್ವಲ್ಪ ಬೇಕಲ್ವಾ? (ಕೊಪ್ಪ)
ಬೇಡ, ಚರ್ಮ ಮಾತ್ರ ಬೆಚ್ಚಗಾಗುತ್ತದೆ, ಮೈ ಒಳಗಿನ ಶಾಖ ಹೊರಗೆ ಹೋಗುತ್ತದೆ.

ಯಜಮಾನರಿಗೆ ಗೊತ್ತಾಗದಂತೆ ಸಾರಿಗೆ ಬೆರೆಸುವ ಪುಡಿ ಕೊಟ್ಟಿದ್ದಾರೆ, ಹಾಕಲೇ? (ಬೇಲೂರು)
ಹಾಕಬೇಡಿ ತಾಯಿ. ಅಂಥ ಪುಡಿಯಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧಿ ಇರಬಹುದು. ಅದಿದ್ದು, ಅವರು ಅದರ ಮೇಲೆ ಕುಡಿದರೆ ಬಿಪಿ ಕುಸಿದು ಸಾಯಬಹುದು. ಇಂಥದ್ದನ್ನು ಮಾರುವವನು ವೈದ್ಯನಲ್ಲ. ಪೊಟ್ಟಣ ಹಾಗೇ ಇಟ್ಟುಕೊಂಡು ಡಾಕ್ಟರಿಗೆ ತೋರಿಸಿ.