ಸಿ ಪ್ರೋಗ್ರಾಮಿನಿಂದ ಫೈಲಿನ ಮಾರ್ಪಾಟು ಸಮಯವನ್ನಷ್ಟೇ ಬದಲಿಸುವುದು ಹೇಗೆ?

ನೀವು ಮುಖ್ಯವಾಗಿ ಕೇಳಿರುವುದು ಎರಡು ವಿಷಯ. ಲಿನಕ್ಸ್‌ನಲ್ಲಿ ಓದಿದ ಸಮಯವನ್ನು ಮುಟ್ಟದೆ ಮಾರ್ಪಾಟಿನ ಸಮಯವನ್ನು ಮಾತ್ರ ಬದಲಿಸುವುದು ಹೇಗೆ, ಮತ್ತು ಬರೆಯುವ ಅನುಮತಿ ಇರುವ ಫೈಲಿನ ಮೇಲೂ, ಈ ಸಮಯಗಳನ್ನು ಬದಲಿಸುವ ಯುಟೈಮ್ಸ್ ಕರೆ ಏಕೆ ಸೋಲುತ್ತಿದೆ ಎಂದು.

ಈಗ ನೀವು ಫೈಲಿನ ವಿವರ ತಿಳಿಸುವ ಸ್ಟ್ಯಾಟ್ ಕರೆಯಿಂದ ಹಳೆಯ ಓದಿದ ಸಮಯವನ್ನು ತಂದು, ಅದನ್ನೇ ಮರಳಿ ಬರೆಯುತ್ತಿದ್ದೀರಿ. ಯುಟೈಮ್ಸ್‌ಗೆ ಮೈಕ್ರೋಸೆಕೆಂಡಿಗಿಂತ ಸೂಕ್ಷ್ಮವಾದದ್ದು ತಿಳಿಯದು. ಹಾಗಾಗಿ ನ್ಯಾನೋಸೆಕೆಂಡಿನ ಬಾಲ ಕತ್ತರಿಸಿಹೋಗುತ್ತದೆ. ಆ ಎರಡು ಕರೆಗಳ ನಡುವೆ ಬೇರೊಬ್ಬರು ಫೈಲನ್ನು ಓದಿದರೆ ಅದರ ಗುರುತನ್ನೂ ನೀವೇ ಅಳಿಸುತ್ತೀರಿ. ಇದನ್ನು ಬಿಟ್ಟು ಯುಟೈಮೆನ್ಸ್‌ಆ್ಯಟ್ ಬಳಸಿ. ಲಿನಕ್ಸ್ 2.6.22ರಿಂದಲೂ ಇದೆ. ಇದಕ್ಕೆ ಎರಡು ಮನೆಗಳ ಅರೇ ಕೊಡಬೇಕು: ಮೊದಲನೆಯದು ಓದಿದ ಸಮಯ, ಎರಡನೆಯದು ಮಾರ್ಪಾಟಿನ ಸಮಯ. ಮೊದಲ ಮನೆಯ ನ್ಯಾನೋಸೆಕೆಂಡ್ ಜಾಗದಲ್ಲಿ ಯುಟೈಮ್_ಓಮಿಟ್ ಎಂದು ಹಾಕಿದರೆ ಕರ್ನೆಲ್ (ಲಿನಕ್ಸ್‌ನ ತಿರುಳು) ಅದರ ತಂಟೆಗೇ ಹೋಗುವುದಿಲ್ಲ. ಸೆಕೆಂಡಿನ ಜಾಗದಲ್ಲಿ ಏನಿದ್ದರೂ ಲೆಕ್ಕಕ್ಕಿಲ್ಲ.

ಇನ್ನು ಅನುಮತಿಯ ವಿಷಯ. ಎರಡೂ ಸಮಯಗಳನ್ನು ‘ಈಗ’ ಎಂದು ಮಾಡಲು ಬರೆಯುವ ಅನುಮತಿ ಸಾಕು. ಆದರೆ ನಿಮಗೆ ಬೇಕಾದ ತಾರೀಖನ್ನು ಅಂಟಿಸುವುದು ಇನ್ನೊಂದೇ ಕೆಲಸ. ಅದನ್ನು ಮಾಡಬಲ್ಲವರು ಫೈಲಿನ ಮಾಲೀಕರು, ಇಲ್ಲವೇ ಮಾಲೀಕರಲ್ಲದಿದ್ದರೂ ಅವರ ಕೆಲಸ ಮಾಡಲು ಬಿಡುವ ಕ್ಯಾಪ್_ಫೌನರ್ ಅಧಿಕಾರವಿರುವ ಪ್ರಕ್ರಿಯೆ ಮಾತ್ರ. ನಿಮ್ಮದು ಗುಂಪಿನ ಮೂಲಕ ದೊರೆತ ಅನುಮತಿ ಎಂದಿದ್ದೀರಿ. ‘ಅನುಮತಿಯಿಲ್ಲ’ ಎನ್ನುವ ಇಪರ್ಮ್ ದೋಷ ಬಂದದ್ದು ಅದಕ್ಕೇ. ಇಲ್ಲಿ ಬಹುತೇಕರು ಎಡವುವ ಒಂದು ತಿರುವೂ ಇದೆ: ಮಾರ್ಪಾಟಿನ ಸಮಯಕ್ಕೆ ಯುಟೈಮ್_ನೌ (ಅಂದರೆ ‘ಈಗ’), ಓದಿದ ಸಮಯಕ್ಕೆ ಓಮಿಟ್ ಎಂದು ಕೊಟ್ಟರೂ ಮಾಲೀಕತ್ವವೇ ಬೇಕು. ಎರಡೂ ‘ಈಗ’ ಆದರಷ್ಟೇ ರಿಯಾಯಿತಿ.

ನಾನು ಇದಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು ಬೇರೆಡೆ. ನಕಲು ಮಾಡುವ ಪ್ರೋಗ್ರಾಮೊಂದರಲ್ಲಿ ಫೈಲಿಗೆ ಬರೆಯುವ ಎಫ್‌ರೈಟ್ ಮುಗಿದ ಕೂಡಲೇ, ತೆರೆದ ಫೈಲಿನ ಸಮಯ ಬದಲಿಸುವ ಫ್ಯುಟೈಮೆನ್ಸ್ ಕರೆದು, ಆಮೇಲೆ ಎಫ್‌ಕ್ಲೋಸ್ ಮಾಡುತ್ತಿದ್ದೆ. ಸೊನ್ನೆ ಹಿಂತಿರುಗುತ್ತಿತ್ತು, ದೋಷವೇ ಇಲ್ಲ. ಆದರೂ ಪ್ರತಿ ಫೈಲಿನ ಮೇಲೂ ಅಂದಿನ ತಾರೀಖು! ಬಫರಿನಲ್ಲಿ ಉಳಿದಿದ್ದ ಕೊನೆಯ ತುಣುಕು ಎಫ್‌ಕ್ಲೋಸ್ ಹೊತ್ತಿಗೆ ಡಿಸ್ಕಿನ ಕಡೆ ಹೊರಡುತ್ತಿತ್ತು, ಆ ಬರವಣಿಗೆಯೇ ನಾನಿಟ್ಟ ಸಮಯವನ್ನು ಅಳಿಸುತ್ತಿತ್ತು. ಪ್ರೋಗ್ರಾಮು ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ನೋಡುವವರೆಗೆ ಒಂದಿಡೀ ಸಂಜೆ ಕರ್ನೆಲ್ಲನ್ನು ಶಪಿಸಿದ್ದೆ. ಮೊದಲು ಬಫರನ್ನು ಖಾಲಿಮಾಡುವ ಎಫ್‌ಫ್ಲಶ್, ನಂತರ ಫ್ಯುಟೈಮೆನ್ಸ್, ಕೊನೆಗೆ ಎಫ್‌ಕ್ಲೋಸ್: ಕ್ರಮ ಇಷ್ಟೇ.

ಸಿಟೈಮ್ (ಫೈಲಿನ ವಿವರಗಳು ಕೊನೆಯದಾಗಿ ಬದಲಾದ ಸಮಯ) ಅನ್ನೂ ಹಿಂದಕ್ಕೆ ತಳ್ಳಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅದಕ್ಕೆ ಯಾವ ಕರೆಯೂ ಇಲ್ಲ. ಉಳಿದ ಸಮಯಗಳನ್ನು ನೀವು ತಿದ್ದಿದ ಗಳಿಗೆಯೇ ಅಲ್ಲಿ ದಾಖಲಾಗುತ್ತದೆ. ಇಟ್ಟ ಸಮಯವನ್ನು ಮತ್ತೆ ಓದಿ ಹೋಲಿಸುವುದಾದರೆ ಫೈಲ್ ಸಿಸ್ಟಮ್ ಯಾವುದೆಂದು ನೋಡಿಕೊಳ್ಳಿ. ಪೆನ್ ಡ್ರೈವಿನಲ್ಲಿ ಫ್ಯಾಟ್ ಇದ್ದರೆ ಮಾರ್ಪಾಟಿನ ಸಮಯ 2 ಸೆಕೆಂಡಿನ ಹೆಜ್ಜೆಯಲ್ಲಿ ಮಾತ್ರ ಉಳಿಯುತ್ತದೆ.