ಮಂಜು ಕಟ್ಟಿದ ಪೆನ್ನು ಬಳಸಬಹುದಾ?

ಪ್ರಶ್ನೆ: ತೂಕ ಇಳಿಸಲು ಡಾಕ್ಟರು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಮೌಂಜಾರೋ ಇಂಜೆಕ್ಷನ್ ಪೆನ್ನು ಬರೆದುಕೊಟ್ಟಿದ್ದಾರೆ. ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತಂದ. ನಾನು ಫ್ರೀಜರ್‌ಗೆ ತಾಗಿಸಿ ಇಟ್ಟುಬಿಟ್ಟೆ. ಬೆಳಿಗ್ಗೆ ಔಷಧಿ ಗಟ್ಟಿಯಾಗಿತ್ತು. ಈಗ ಕರಗಿ ತಿಳಿಯಾಗಿದೆ. ಹಾಕಿಕೊಳ್ಳಬಹುದಾ? ನಾದಿನಿಯೂ ಸೂಜಿ ಬದಲಿಸಿ ಇದೇ ಪೆನ್ನು ಬಳಸ್ತೀನಿ ಅಂತಾಳೆ. ಜೊತೆಗೆ ಗಾರ್ಸಿನಿಯಾ ಮಾತ್ರೆ ನುಂಗಬಹುದಾ? ಗಿಡಮೂಲಿಕೆ ತಾನೇ?
– ಎಸ್., ದಾವಣಗೆರೆ

ಉತ್ತರ: ಬಸ್ಸಿನ ಪ್ರಯಾಣಕ್ಕೆ ಹೆದರಬೇಡಿ. 30 ಡಿಗ್ರಿ ದಾಟದಿದ್ದರೆ ಒಂದು ರಾತ್ರಿಯಲ್ಲಿ ಏನೂ ಆಗುವುದಿಲ್ಲ. ಕೆಡಿಸಿದ್ದು ಫ್ರೀಜರ್. ಒಮ್ಮೆ ಹೆಪ್ಪುಗಟ್ಟಿದ ಪೆನ್ನನ್ನು ಬಳಸಲೇಬಾರದು, ಎಷ್ಟೇ ತಿಳಿಯಾಗಿ ಕಂಡರೂ. ದುಬಾರಿ ಔಷಧಿ, ಹೊಟ್ಟೆ ಉರಿಯುತ್ತದೆ, ಗೊತ್ತು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತವಳು ನಾನು, ಈ ಮುಖಗಳನ್ನು ನೋಡಿದ್ದೇನೆ. ಆದರೂ ಎಸೆಯಿರಿ. ಹೊಸದನ್ನು ಡಬ್ಬಿ ಸಮೇತ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ಹಿಂಬದಿಗೆ ತಾಗದಂತೆ ಇಡಿ. 2ರಿಂದ 8 ಡಿಗ್ರಿ ಬೇಕು. ಬಳಸಲು ಶುರು ಮಾಡಿದ ಪೆನ್ನು 30 ದಿನವಾದ ಮೇಲೆ ಬೇಡ, ಒಳಗೆ ಸ್ವಲ್ಪ ಉಳಿದಿದ್ದರೂ. ನಡುವೆ ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡು ಡೋಸ್ ಒಟ್ಟಿಗೆ ಹಾಕಿಕೊಳ್ಳಬೇಡಿ, ಡಾಕ್ಟರನ್ನು ಕೇಳಿ.

ನಾದಿನಿಗೆ ಖಡಾಖಂಡಿತ ಬೇಡ ಎನ್ನಿ. ಚುಚ್ಚುವಾಗ ಕಣ್ಣಿಗೆ ಕಾಣದಷ್ಟು ರಕ್ತ ಪೆನ್ನಿನೊಳಕ್ಕೆ ಹಿಂದೆ ಹೋಗಬಹುದು. ಸೂಜಿ ಬದಲಿಸಿದರೆ ಅದು ಹೋಗದು. ಹೆಪಟೈಟಿಸ್ ಬಿ ಹೀಗೂ ಹರಡುತ್ತದೆ. ಅಲ್ಲದೆ ಅವರ ಮನೆತನದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ (ಥೈರಾಯ್ಡ್ ಗ್ರಂಥಿಯ ಒಂದು ಅಪರೂಪದ ಕ್ಯಾನ್ಸರ್) ಇದ್ದರೆ ಈ ಔಷಧಿಯೇ ಸಲ್ಲದು. ಅದನ್ನು ವಿಚಾರಿಸಬೇಕಾದವರು ಡಾಕ್ಟರು.

ಗಾರ್ಸಿನಿಯಾ ಅಂದರೆ ನಮ್ಮ ಮಲೆನಾಡಿನ ಉಪ್ಪಾಗೆ. ಹುಳಿಗೆಂದು ಸಾರಿಗೆ ಹಾಕುವ ಒಂದೆರಡು ಎಸಳೇ ಬೇರೆ, ಅದರ ಸತ್ವವನ್ನು ಒತ್ತರಿಸಿ ತುಂಬಿದ ಮಾತ್ರೆಯೇ ಬೇರೆ. ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳಿವೆ. 'ಹರ್ಬಲ್' ಅಂತ ಮಾರುವ ಕೆಲವು ಮಾತ್ರೆಗಳಲ್ಲಿ ಸಿಬುಟ್ರಾಮಿನ್ ಬೆರೆಸಿದ್ದೂ ಸಿಕ್ಕಿದೆ. ಹೃದಯಕ್ಕೆ ಅಪಾಯವೆಂದು ಭಾರತ 2011ರಲ್ಲೇ ನಿಷೇಧಿಸಿದ ಔಷಧಿ ಅದು. ಸುಮ್ನೆ ಎರಡೂ ತೆಗೆದುಕೊಂಡು ವಾಂತಿ ಶುರುವಾದರೆ ಯಾವುದರಿಂದ ಅಂತ ಹೇಳುವುದು ಹೇಗೆ? ಇಂಜೆಕ್ಷನ್ನೊಂದರಿಂದಲೇ ಮೊದಮೊದಲು ವಾಕರಿಕೆ, ಮಲಬದ್ಧತೆ ಬರುವುದುಂಟು. ಮೇಲ್ಹೊಟ್ಟೆಯಲ್ಲಿ ಬೆನ್ನಿಗೂ ಹರಡುವ ಜಾಸ್ತಿ ನೋವು ಬಂದು ನಿಲ್ಲದಿದ್ದರೆ ಮಾತ್ರ ಕಾಯಬೇಡಿ, ಮೇದೋಜೀರಕ ಗ್ರಂಥಿಯ ಊತ ಇರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ.

ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಹಾಕಬೇಡಿ, ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಮುಚ್ಚಳ ಬಿಗಿದು, ತೆಗೆದುಕೊಳ್ಳುತ್ತಾರಾ ಎಂದು ಕೇಳಿ ಕ್ಲಿನಿಕ್ಕಿಗೆ ಕೊಡಿ.