ಓದುಗರ ಪ್ರಶ್ನೆ, ತಜ್ಞರ ಉತ್ತರ: ಟ್ರೈಕಿನಲ್ಲಿ ಕ್ಯಾಮೆರಾಕ್ಕೆ ಜಾಗ ಎಲ್ಲಿ?

ಒರಗಿ ಕುಳಿತು, ಕಾಲು ಮುಂದಕ್ಕೆ ಚಾಚಿ ತುಳಿಯುವ ಮೂರು ಗಾಲಿಯ ಸೈಕಲ್ಲೇ ರಿಕಂಬೆಂಟ್ ಟ್ರೈಕ್. ಅದನ್ನು ಸಜ್ಜುಗೊಳಿಸುವ ಬಗ್ಗೆ, ಸವಾರಿಯ ವಿಡಿಯೊ ತೆಗೆಯುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಉತ್ತರಗಳೆಲ್ಲ ಮುಂದೆ ಎರಡು, ಹಿಂದೆ ಒಂದು ಗಾಲಿ ಇರುವ ಮಾದರಿಗೆ ಅನ್ವಯಿಸುತ್ತವೆ.

ಪ್ರಶ್ನೆ: ಹೊಸ ಟ್ರೈಕ್ ಬಂದಿದೆ. ಕನ್ನಡಿ, ಲೈಟು, ಚೀಲ, ಕ್ಯಾಮೆರಾ ಎಲ್ಲವನ್ನೂ ಒಟ್ಟಿಗೇ ತರಿಸಿದ್ದೇನೆ. ಮೊದಲು ಯಾವುದನ್ನು ಕೂರಿಸಲಿ?

ಯಾವುದನ್ನೂ ಬೇಡ. ಮೊದಲು ಬೂಮ್ ಸರಿಮಾಡಿ. ಪೆಡಲುಗಳನ್ನು ಹೊತ್ತು ಮುಂದಕ್ಕೆ ಚಾಚಿರುವ ಕೊಳವೆ ಅದು. ಸೀಟಿಗೆ ಬೆನ್ನನ್ನು ಪೂರ್ತಿ ಒತ್ತಿ ಕೂತು, ಪೆಡಲನ್ನು ಅತಿ ದೂರದ ಜಾಗಕ್ಕೆ ತಿರುಗಿಸಿ, ಅದರ ಮೇಲೆ ಹಿಮ್ಮಡಿ ಇಡಿ. ಮಂಡಿ ಆಗಷ್ಟೇ ನೇರವಾದರೆ ಅಳತೆ ಸರಿ. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿಯಲ್ಲಿ ಸ್ವಲ್ಪ ಬಾಗು ತಾನಾಗಿ ಉಳಿಯುತ್ತದೆ. ಕೆಲವು ದಿನ ಓಡಿಸಿದ ಮೇಲೆ ಮಂಡಿಯ ಮುಂಭಾಗ ನೋಯತೊಡಗಿದರೆ ಬೂಮ್ ಹತ್ತಿರವಾಯಿತು ಎಂದು ತಿಳಿಯಿರಿ, ಹಿಂಭಾಗ ನೋವಾದರೆ ದೂರವಾಯಿತು. ಒಂದು ಸಲಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಸರಿಸಬೇಡಿ.

ಬೂಮ್ ಸರಿದಾಗ ಸರಪಳಿಯ ಲೆಕ್ಕವೂ ಬದಲಾಗುತ್ತದೆ. ಸರಪಳಿ ಮೇಲೊಮ್ಮೆ, ಕೆಳಗೊಮ್ಮೆ ಹಾಯುವುದರಿಂದ ಬೂಮ್ 1 ಸೆಂ.ಮೀ. ಮುಂದೆ ಹೋದರೆ 2 ಸೆಂ.ಮೀ. ಸರಪಳಿ ಹೆಚ್ಚು ಬೇಕು. ಒಂದು ಕೊಂಡಿಯ ಅಳತೆ 12.7 ಮಿ.ಮೀ., ಹಾಗಾಗಿ ಬೂಮ್ 2.5 ಸೆಂ.ಮೀ. ಸರಿದರೆ ಸುಮಾರು 4 ಕೊಂಡಿ. ಸಣ್ಣ ವ್ಯತ್ಯಾಸವನ್ನು ಹಿಂದಿನ ಡಿರೇಲರ್ (ಗೇರ್ ಬದಲಿಸಿ ಸರಪಳಿಯನ್ನು ಬಿಗಿಯಾಗಿಡುವ ತೋಳು) ನುಂಗಿಕೊಳ್ಳುತ್ತದೆ. ದೊಡ್ಡದಾದರೆ, ಮುಂದಿನ ದೊಡ್ಡ ಹಲ್ಲುಚಕ್ರ ಮತ್ತು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಹಾಕಿ, ಕೈಯಿಂದ ನಿಧಾನ ತಿರುಗಿಸಿ ನೋಡಿ. ಡಿರೇಲರ್ ಪೂರ್ತಿ ಎಳೆದು ನಿಂತರೆ ಸರಪಳಿ ಗಿಡ್ಡ. ಆ ಸ್ಥಿತಿಯಲ್ಲಿ ರಸ್ತೆಗೆ ಇಳಿಸಿದರೆ ಡಿರೇಲರ್ ಮುರಿಯುತ್ತದೆ.

ಎರಡನೆಯದು ಪಾದ. ಇದರಲ್ಲಿ ರಾಜಿ ಬೇಡವೇ ಬೇಡ. ಓಡುವಾಗ ಪಾದ ಪೆಡಲಿನಿಂದ ಜಾರಿ ನೆಲಕ್ಕೆ ತಾಗಿದರೆ ಟ್ರೈಕ್ ಅದರ ಮೇಲೆಯೇ ಸಾಗುತ್ತದೆ, ಕಾಲು ಹಿಂದಕ್ಕೆ ಸೆಳೆದು ಮುಂಗಾಲಿಗಳ ನಡುವಿನ ಅಡ್ಡ ಕೊಳವೆಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬೂಟು ಕಚ್ಚಿ ಹಿಡಿಯುವ ಪೆಡಲ್ ಇಲ್ಲವೇ ಹಿಮ್ಮಡಿ ಹಿಡಿಯುವ ಪಟ್ಟಿ ಇಲ್ಲದೆ ಹೊರಡಬೇಡಿ.

ಆಮೇಲೆ ಕನ್ನಡಿ, ಎರಡೂ ಬದಿಗೆ. ಒರಗಿ ಕೂತವರಿಗೆ ಕತ್ತು ತಿರುಗಿಸಿ ಹಿಂದೆ ನೋಡುವುದು ಕಷ್ಟ. ಕನ್ನಡಿಯ ಕೋನವನ್ನೂ ಒರಗಿ ಕೂತೇ ಹೊಂದಿಸಿ. ಹಿಂದಿನ ಕೆಂಪು ಲೈಟು ಸೀಟಿನ ತುದಿಯ ಎತ್ತರದಲ್ಲಿರಲಿ. ಕೆಳಗೆ ಕಟ್ಟಿದರೆ ಚೀಲ ತುಂಬಿದ ದಿನ ಮರೆಯಾಗುತ್ತದೆ. ತಗ್ಗಿನ ಟ್ರೈಕ್ ಇತರರಿಗೆ ಕಾಣಲೆಂದು ಹಾಕುವ ಬಾವುಟದ ಕೋಲು ಕಾರಿನ ಚಾವಣಿಗಿಂತ ಮೇಲಿರಬೇಕು. ಇಷ್ಟಾದ ಮೇಲೆ ಕ್ಯಾಮೆರಾ.

ಪ್ರಶ್ನೆ: ಕ್ಯಾಮೆರಾವನ್ನು ಬೂಮ್ ತುದಿಗೆ ಕಟ್ಟಿದ್ದೇನೆ. ದೃಶ್ಯ ಎಡಕ್ಕೂ ಬಲಕ್ಕೂ ತೂಗುತ್ತದೆ. ಸ್ಟೆಬಿಲೈಸೇಷನ್ (ಅಲುಗಾಟ ತಗ್ಗಿಸುವ ವ್ಯವಸ್ಥೆ) ಹಾಕಿದರೂ ಪೂರ್ತಿ ಹೋಗುತ್ತಿಲ್ಲ. ಕ್ಯಾಮೆರಾ ಬದಲಿಸಬೇಕೆ?

ಕ್ಯಾಮೆರಾ ಅಲ್ಲ, ಜಾಗ ಬದಲಿಸಿ. ಪ್ರತಿ ತುಳಿತಕ್ಕೂ ಬೂಮ್ ಕೂದಲೆಳೆಯಷ್ಟು ಅಕ್ಕಪಕ್ಕ ಬಾಗುತ್ತದೆ, ತುದಿಯಲ್ಲಿ ಆ ಬಾಗು ಅತಿ ಹೆಚ್ಚು. ಅಲ್ಲಿಂದ ಪಾದಗಳು ಅಡ್ಡ ಬರುವುದಿಲ್ಲ, ನಿಜ. ಆದರೆ ಲೆನ್ಸು ನೆಲಕ್ಕೆ ತೀರ ಹತ್ತಿರ: ರಸ್ತೆ ಭರದಿಂದ ಹರಿಯುತ್ತದೆ, ಪಕ್ಕದ ಹುಲ್ಲು, ತಡೆಗೋಡೆ ಊರನ್ನೇ ಮುಚ್ಚಿಬಿಡುತ್ತವೆ. ಹತ್ತು ಸೆಕೆಂಡಿನ ತುಣುಕಿಗೆ ಚೆನ್ನ, ಇಡೀ ಸವಾರಿಗೆ ಅಲ್ಲ.

ಕನ್ನಡಿಯ ಕಂಬ ಎಲ್ಲರ ಕಣ್ಣಿಗೆ ಬೀಳುವ ಎರಡನೆಯ ಜಾಗ. ಟ್ರೈಕ್ ನಿಲ್ಲಿಸಿ, ಹಿಡಿಕೆಯನ್ನು ಎಡಬಲ ತಿರುಗಿಸಿ ನೋಡಿ. ಕಂಬವೂ ಜೊತೆಗೆ ತಿರುಗಿದರೆ ಆ ಜಾಗ ಬಿಟ್ಟುಬಿಡಿ. ಏಕೆಂದರೆ ನೇರ ರಸ್ತೆಯಲ್ಲಿಯೂ ಕೈ ಸಣ್ಣಗೆ ತಿದ್ದುತ್ತಲೇ ಇರುತ್ತದೆ, ಅಷ್ಟನ್ನೂ ಕ್ಯಾಮೆರಾ ದಾಖಲಿಸುತ್ತದೆ.

ನಮ್ಮ ಮೊದಲ ಆಯ್ಕೆ ಸೀಟಿನ ಚೌಕಟ್ಟು, ಭುಜದ ಪಕ್ಕದ ಕೊಳವೆ. ನಿಮ್ಮ ದೇಹದ ಭಾರ ಅದರ ಮೇಲಿರುವುದರಿಂದ ಸಣ್ಣ ನಡುಕ ಅಲ್ಲಿಯೇ ಅಡಗುತ್ತದೆ. ನೋಟವೂ ಸವಾರನದೇ: ತುಳಿಯುವ ಮಂಡಿ, ಪಾದ, ಅದರಾಚೆ ರಸ್ತೆ. ಸಸ್ಪೆನ್ಷನ್ ಇರುವ ಟ್ರೈಕಿನಲ್ಲಿ ಕ್ಯಾಮೆರಾ ಹಿಡಿಯುವ ಕ್ಲಾಂಪ್ ಸ್ಪ್ರಿಂಗಿನ ಮೇಲಿನ ಭಾಗಕ್ಕೆ ಬೀಳಬೇಕು, ಗಾಲಿಯ ಜೊತೆ ಕುಣಿಯುವ ಭಾಗಕ್ಕಲ್ಲ.

ಜೋಡಿಸುವ ಕ್ರಮ ಹೀಗಿರಲಿ. ಕೊಳವೆಯ ಹೊರಸುತ್ತಿನ ವ್ಯಾಸ ಅಳೆದು ಅದಕ್ಕೆ ಸರಿಹೊಂದುವ ಕ್ಲಾಂಪ್ ತನ್ನಿ. ಹಳೆಯ ಟ್ಯೂಬಿನಿಂದ ಕತ್ತರಿಸಿದ ತೆಳು ರಬ್ಬರ್ ಪಟ್ಟಿಯನ್ನು ಒಂದೇ ಸುತ್ತು ಸುತ್ತಿ, ಅದರ ಮೇಲೆ ಕ್ಲಾಂಪ್ ಬಿಗಿಮಾಡಿ. ನಡುಕ ತಗ್ಗಲಿ ಎಂದು ದಪ್ಪ ಮೆತ್ತೆ ಇಡುವವರಿದ್ದಾರೆ. ಅದರಿಂದ ಸಣ್ಣ ನಡುಕ ಹೋಗಿ ದೊಡ್ಡ ತೂಗಾಟ ಬರುತ್ತದೆ, ಸ್ಟೆಬಿಲೈಸೇಷನ್‌ಗೆ ಅದನ್ನು ಸರಿಪಡಿಸುವುದು ಇನ್ನೂ ಕಷ್ಟ. ಕ್ಲಾಂಪಿನಿಂದ ಕ್ಯಾಮೆರಾವರೆಗಿನ ತೋಳು ಗಿಡ್ಡದಾಗಿರಲಿ, ಕೀಲು ಒಂದೇ ಇರಲಿ. ಮೂರು ಕೀಲಿನ ತೋಳು ಕೈಯಲ್ಲಿ ಗಟ್ಟಿ ಅನ್ನಿಸಿದರೂ ಕೆಟ್ಟ ರಸ್ತೆಯಲ್ಲಿ ಒಂದಲ್ಲ ಒಂದು ಕೀಲು ಸಡಿಲವಾಗಿ ಕ್ಯಾಮೆರಾ ತಲೆ ತಗ್ಗಿಸುತ್ತದೆ. ಹೆಬ್ಬೆರಳಿನ ತಿರುಪಿನ ಬದಲು ಅಲೆನ್ ಬೋಲ್ಟ್ ಮತ್ತು ಲಾಕ್ ನಟ್ ಹಾಕಿ. ಕೊನೆಗೆ, ಕ್ಯಾಮೆರಾದ ಕವಚದಿಂದ ಸೀಟಿನ ಕೊಳವೆಗೆ ಗಟ್ಟಿ ದಾರವೊಂದನ್ನು ಕಟ್ಟಿ. ಕ್ಲಾಂಪ್ ಕಳಚಿದರೂ ಕ್ಯಾಮೆರಾ ಗಾಲಿಗೆ ಸಿಗದಷ್ಟು ಗಿಡ್ಡದಾಗಿರಲಿ ಆ ದಾರ.

ಎದೆಗೆ ಕಟ್ಟುವ ಪಟ್ಟಿ ಇಲ್ಲಿ ಕೆಲಸಕ್ಕೆ ಬಾರದು. ಒರಗಿದಾಗ ಎದೆ ಆಕಾಶ ನೋಡುತ್ತದೆ, ಕೋನ ತಗ್ಗಿಸಿದರೆ ಮಂಡಿಗಳೇ ಚೌಕಟ್ಟು ತುಂಬುತ್ತವೆ.

ಪ್ರಶ್ನೆ: ಹಗಲಲ್ಲಿ ವಿಡಿಯೊ ಚೆನ್ನಾಗಿದೆ. ಸಂಜೆಯಾದರೆ ಅದೇ ಜಾಗ, ಅದೇ ಸೆಟ್ಟಿಂಗಿನಲ್ಲಿ ಕಲಸಿದಂತೆ ಬರುತ್ತದೆ. ಏಕೆ?

ಬೆಳಕು ಕಡಿಮೆಯಾದಾಗ ಕ್ಯಾಮೆರಾ ಪ್ರತಿ ಫ್ರೇಮಿಗೂ ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಆ ಹೊತ್ತಿನ ನಡುಕ ಚಿತ್ರದೊಳಗೇ ಮಸುಕಾಗಿ ಉಳಿಯುತ್ತದೆ. ಸ್ಟೆಬಿಲೈಸೇಷನ್ ಫ್ರೇಮುಗಳನ್ನು ಒಂದಕ್ಕೊಂದು ಹೊಂದಿಸಬಲ್ಲದು, ಒಂದು ಫ್ರೇಮಿನೊಳಗಿನ ಮಸುಕನ್ನು ಅಳಿಸಲಾರದು. ಸಂಜೆಗೆ ಸೆಕೆಂಡಿಗೆ 60 ಫ್ರೇಮಿನ ಬದಲು 30ಕ್ಕೆ ಇಳಿಯಿರಿ. ಶಟರ್ ವೇಗವನ್ನು 1/120 ಸೆಕೆಂಡಿಗಿಂತ ನಿಧಾನವಾಗಲು ಬಿಡದೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಮೇಲಿನ ಮಿತಿಯನ್ನು ಏರಿಸಿ. ಚಿತ್ರದಲ್ಲಿ ಕಾಳು ಕಾಣುತ್ತದೆ, ಅದನ್ನು ಒಪ್ಪಿಕೊಳ್ಳಿ. ಮಸುಕಿಗಿಂತ ಕಾಳು ಎಷ್ಟೋ ವಾಸಿ.

ಕಂಪ್ಯೂಟರಿನಲ್ಲಿ ಆಮೇಲೆ ಸ್ಥಿರಗೊಳಿಸುವವರು ಇನ್ನೊಂದನ್ನು ಗಮನಿಸಬೇಕು. ಬರೀ ಚಿತ್ರ ನೋಡಿ ಲೆಕ್ಕ ಹಾಕುವ ತಂತ್ರಾಂಶ ನಿಮ್ಮ ಮಂಡಿಗಳ ಚಲನೆಯನ್ನೇ ಕ್ಯಾಮೆರಾದ ಚಲನೆ ಎಂದು ಭಾವಿಸಿ ಇಡೀ ರಸ್ತೆಯನ್ನು ಅಲುಗಿಸುತ್ತದೆ. ಕ್ಯಾಮೆರಾದೊಳಗಿನ ಗೈರೊ (ತಿರುಗುವಿಕೆ ಅಳೆಯುವ ಸಂವೇದಕ) ದತ್ತಾಂಶ ಬಳಸುವ ವಿಧಾನಕ್ಕೆ ಈ ತೊಂದರೆ ಇಲ್ಲ.

ಪ್ರಶ್ನೆ: ಆರು ಗಂಟೆಯ ಸವಾರಿ ಪೂರ್ತಿ ದಾಖಲಿಸಲು ಎಷ್ಟು ಬ್ಯಾಟರಿ, ಎಷ್ಟು ದೊಡ್ಡ ಕಾರ್ಡು ಬೇಕು?

ನಿಮ್ಮ ಕ್ಯಾಮೆರಾದ ಬಿಟ್‌ರೇಟ್ (ಸೆಕೆಂಡಿಗೆ ದಾಖಲಾಗುವ ದತ್ತಾಂಶದ ಪ್ರಮಾಣ) ನೋಡಿ, ಎಂಟರಿಂದ ಭಾಗಿಸಿ. ಸೆಕೆಂಡಿಗೆ 60 ಮೆಗಾಬಿಟ್ ಎಂದರೆ 7.5 ಮೆಗಾಬೈಟ್, ಗಂಟೆಗೆ 27 ಜಿಬಿ, ಆರು ಗಂಟೆಗೆ 162 ಜಿಬಿ. 256 ಜಿಬಿಯ ಒಂದು ಕಾರ್ಡು ಸಾಕು. ಅದರ ಮೇಲೆ ವಿ30 ಗುರುತಿರಲಿ, ಅಂದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ. ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ.

ವಿದ್ಯುತ್ತಿಗೆ: 10,000 ಎಂಎಎಚ್ ಪವರ್ ಬ್ಯಾಂಕಿನ ಒಳಗಿರುವುದು ಸುಮಾರು 37 ವ್ಯಾಟ್-ಗಂಟೆ, ಕೈಗೆ ಸಿಗುವುದು ಹತ್ತಿರ ಹತ್ತಿರ 30. ಕ್ಯಾಮೆರಾ 5 ವ್ಯಾಟ್ ಎಳೆದರೆ ಆರು ಗಂಟೆಗೆ ಅಷ್ಟೇ ಬೇಕು, ಹನಿಯೂ ಮಿಗುವುದಿಲ್ಲ. ಹಾಗಾಗಿ 20,000ದ್ದನ್ನು ಒಯ್ಯಿರಿ. ಒರಗಿದ ಸೀಟಿನ ಬೆನ್ನ ಹಿಂದಿನ ಚೀಲ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕೆಡುವುದು ಸಾಮಾನ್ಯವಾಗಿ ಬ್ಯಾಟರಿಯಲ್ಲ, ತಂತಿ. ನಡುಕಕ್ಕೆ ಪ್ಲಗ್ಗು ಕ್ಷಣಕಾಲ ಸಡಿಲಿದರೂ ವಿದ್ಯುತ್ ಕಡಿಯುತ್ತದೆ. ಲಂಬಕೋನದ ಪ್ಲಗ್ಗಿನ ತಂತಿ ಬಳಸಿ, ಪ್ಲಗ್ಗಿನಿಂದ 5 ಸೆಂ.ಮೀ. ದೂರದಲ್ಲಿ ಸಣ್ಣ ಬಳೆಯಾಗಿ ಸುತ್ತಿ ತೋಳಿಗೆ ಜಿಪ್ ಟೈ ಹಾಕಿ. ಕ್ಯಾಮೆರಾದೊಳಗಿನ ಬ್ಯಾಟರಿಯನ್ನೂ ಇರಗೊಡಿ, ತಂತಿ ಕೈಕೊಟ್ಟಾಗ ಅದು ಉಳಿಸುತ್ತದೆ. ದಾಖಲೆ ಅರ್ಧಕ್ಕೆ ನಿಂತು ಕಡತ ತೆರೆಯದಿದ್ದರೆ ಕಾರ್ಡನ್ನು ತೆಗೆಯದೆ ಕ್ಯಾಮೆರಾ ಮತ್ತೆ ಚಾಲೂ ಮಾಡಿ. ಹಲವು ಕ್ಯಾಮೆರಾಗಳು ಮುರಿದ ಕಡತವನ್ನು ತಾವೇ ದುರಸ್ತಿ ಮಾಡುತ್ತವೆ. ಚಾರ್ಜಿಂಗ್ ಬಾಗಿಲು ತೆರೆದಿರುವಷ್ಟು ಹೊತ್ತು ಕ್ಯಾಮೆರಾಕ್ಕೆ ನೀರಿನ ರಕ್ಷಣೆ ಇಲ್ಲ, ಮಳೆ ಬಂದರೆ ತಂತಿ ಕಳಚಿ ಬಾಗಿಲು ಮುಚ್ಚಿ.

ಪ್ರಶ್ನೆ: ಮಾತು ಕೇಳುವುದೇ ಇಲ್ಲ, ಬರೀ ಗಾಳಿಯ ಸದ್ದು.

ಹೊರಗಿನ ಮೈಕಿಗೆ ತುಪ್ಪಳದ ಹೊದಿಕೆ ಹಾಕಿ ಅಂಗಿಯ ಕಾಲರಿನ ಒಳಬದಿಗೆ ಸಿಕ್ಕಿಸಿ. ಇಷ್ಟಾದ ಮೇಲೂ ಟಕಟಕ ಕೇಳಿಸಿದರೆ ಅದು ಬಾವುಟದ ಕೋಲಿನದು. ಕೋಲಿನ ಬುಡಕ್ಕೆ ಎರಡು ಸುತ್ತು ಟೇಪು ಸುತ್ತಿ, ಗೂಡಿನಲ್ಲಿ ಬಿಗಿಯಾಗಿ ಕೂರುವಂತೆ ಮಾಡಿ.

ಪ್ರಶ್ನೆ: ಮುಂದಿನ ಎರಡೂ ಟೈರುಗಳು ಬೇಗ ಸವೆಯುತ್ತಿವೆ. ಕ್ಯಾಮೆರಾ, ಚೀಲಗಳ ಭಾರ ಕಾರಣವೇ?

ಆ ಭಾರ ಲೆಕ್ಕಕ್ಕಿಲ್ಲ. ಎರಡು ಮುಂಗಾಲಿಗಳು ಒಂದಕ್ಕೊಂದು ಸಮಾಂತರ ಇಲ್ಲದಿರುವುದೇ ಕಾರಣವಿರಬೇಕು. ಹಿಡಿಕೆ ನೇರವಿಟ್ಟು, ಅಚ್ಚಿನ ಎತ್ತರದಲ್ಲಿ ರಿಮ್ಮಿನಿಂದ ರಿಮ್ಮಿಗೆ ಗಾಲಿಗಳ ಮುಂಬದಿಯಲ್ಲೊಮ್ಮೆ, ಹಿಂಬದಿಯಲ್ಲೊಮ್ಮೆ ಅಳೆಯಿರಿ. ಮುಂಬದಿಯ ಅಳತೆ 1ರಿಂದ 2 ಮಿ.ಮೀ. ಕಡಿಮೆ ಇದ್ದರೆ ಸರಿ. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ಟೈ ರಾಡಿನ (ಎರಡೂ ಮುಂಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಸರಳು) ಲಾಕ್ ನಟ್ ಸಡಿಲಿಸಿ, ರಾಡನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಅಳೆಯುವ ಮೊದಲು ನಿಲುಗಡೆ ಬ್ರೇಕು ಹಾಕಿ. ಟ್ರೈಕ್ ತಾನಾಗಿ ನಿಲ್ಲುತ್ತದೆ ಅನ್ನಿಸಿದರೂ ಸ್ವಲ್ಪವೇ ಇಳಿಜಾರಿದ್ದರೆ ಉರುಳಿಕೊಂಡು ಹೋಗುತ್ತದೆ. ನಡುದಾರಿಯಲ್ಲಿ ಇಳಿದು ಕ್ಯಾಮೆರಾ ಸರಿಪಡಿಸುವಾಗಲೂ ಹಾಗೆಯೇ. ಬ್ರೇಕಿಗೆ ಲಾಕ್ ಇಲ್ಲದಿದ್ದರೆ ಹಿಡಿಯನ್ನು ಒತ್ತಿ ಅದರ ಮೇಲೆ ವೆಲ್ಕ್ರೊ ಪಟ್ಟಿ ಬಿಗಿಯಿರಿ.